ಮೇಲಕ್ಕೆ ಹೋದ ಕ್ಯಾಮೆರಾ

ಜೂನ್ 12

ಕೋತಿಗೆ,

ನೀನು ಕಳಿಸಿದ ಫೋಟೋಗಳು ಬಂದವು. ಮೊದಲು ಹೊಗಳಿಬಿಡುತ್ತೇನೆ, ಆಮೇಲೆ ಬೈಯಲು ಅನುಕೂಲ. ಕ್ರೇನಿನ ನೆರಳು ಅರ್ಧ ಕಟ್ಟಿದ ಮಹಡಿಯ ಮೇಲೆ ಉದ್ದಕ್ಕೆ ಬಿದ್ದಿರುವ ಫೋಟೋವನ್ನು ನಿನ್ನ ಅತ್ತೆ ಅಡುಗೆಮನೆಗೂ ಎತ್ತಿಕೊಂಡು ಹೋಗಿ ನೋಡಿದಳು. "ನಮ್ಮಣ್ಣನ ಮಗಳು ಇಷ್ಟೆತ್ತರದಲ್ಲಿ ಕೂತು ಕಬ್ಬಿಣ ಎತ್ತಿ ಇಳಿಸ್ತಾಳೆ" ಎಂದು ಪಕ್ಕದ ಕನ್ನಡಕದ ಅಂಗಡಿಯವನಿಗೂ ತೋರಿಸಿ ಬಂದಳು. ನೋಟ ನಿನಗಿದೆ, ಅದರಲ್ಲಿ ಎರಡು ಮಾತಿಲ್ಲ.

ಈಗ ಬೈಗುಳ. ಇದನ್ನೆಲ್ಲ ಆ ಸೋಪಿನ ಪೆಟ್ಟಿಗೆಯಲ್ಲಿ ಯಾಕೆ ತೆಗೆಯುತ್ತೀಯ? ಜೇಬಿಗೆ ಹಿಡಿಸುವ ಕ್ಯಾಮೆರಾ ಪ್ರವಾಸ ಹೋಗುವವರಿಗೆ ಸರಿ. ನಿನ್ನ ಫೋಟೋಗಳಲ್ಲಿ ಕಟ್ಟಡ ಇದೆ, ಬೆಳಕಿದೆ, ಮನುಷ್ಯರು ಮಾತ್ರ ಇರುವೆಗಳ ಹಾಗೆ ಕಾಣುತ್ತಾರೆ. ಭೂತಗನ್ನಡಿ ಹಿಡಿದು ನೋಡಿದೆ, ಮುಖವೆಲ್ಲ ಕಲಸಿದ ಹಿಟ್ಟು. ಸಾಲದ್ದಕ್ಕೆ ಅದು ಸದ್ದೇ ಮಾಡುವುದಿಲ್ಲ, ಫೋಟೋ ತೆಗೆದದ್ದು ಆ ಜನರಿಗೆ ಗೊತ್ತೂ ಆಗಿರುವುದಿಲ್ಲ. ಸ್ಟುಡಿಯೋದಲ್ಲಿ ಬೆಳೆದವಳು ನೀನು. ಹೇಳದೆ ಕೇಳದೆ ತೆಗೆದರೆ ಕದ್ದ ಹಾಗೆ ಎಂದು ನಿನಗೆ ನಾನು ಹೇಳಿಕೊಡಬೇಕಾಗಿಲ್ಲ.

ನನ್ನ ಮಿರರ್‌ಲೆಸ್ ಕ್ಯಾಮೆರಾ ಲೆನ್ಸುಗಳ ಸಮೇತ ಕಪಾಟಿನಲ್ಲಿ ಸುಮ್ಮನೆ ಕೂತಿದೆ. ಅಷ್ಟು ಭಾರವನ್ನು ಕೊರಳಿಗೆ ಹಾಕಿಕೊಳ್ಳಬೇಡಿ ಎಂದು ಡಾಕ್ಟರು ಹೇಳಿದ ಮೇಲೆ ಸ್ಟುಡಿಯೋದ ಬಾಗಿಲು ತೆಗೆಯಲೂ ಬೇಜಾರು. ಬರುವ ತಿಂಗಳು ಬೋರ್ಡು ಇಳಿಸುತ್ತೇನೆ. ಆ ಕ್ಯಾಮೆರಾ ನಿನಗೆ. ಅದು ಕೈಗೆ ಬಂದ ಮೇಲೆ ಇನ್ನೆಷ್ಟು ದಿನ ಕ್ರೇನಿನಲ್ಲಿ ಕೂರುತ್ತೀಯೋ ನಾನೂ ನೋಡುತ್ತೇನೆ.

ಫೋನ್ ಮಾಡಬೇಡ. ಕಿವಿಗೆ ಮಿಷನ್ ಹಾಕಿಕೊಂಡರೆ ನಿನ್ನ ಮಾತಿಗಿಂತ ಅದರ ಶಿಳ್ಳೆಯೇ ಜಾಸ್ತಿ. ಬರೆ.

ಇಂತಿ,
ಬೈದು ಸಮಾಧಾನ ಮಾಡಿಕೊಂಡ ನಿನ್ನಪ್ಪ

*

ಜೂನ್ 21

ಅಪ್ಪನಿಗೆ,

ಬೈಗುಳ ತಲುಪಿತು. ಹೊಗಳಿಕೆಯನ್ನು ಬೇರೆಯಾಗಿ ಎತ್ತಿಟ್ಟುಕೊಂಡಿದ್ದೇನೆ.

ಕ್ಯಾಮೆರಾ ಕಳಿಸಬೇಡಿ. ನಾನು ಬೆಳಿಗ್ಗೆ ಕೆಲಸಕ್ಕೆ ಹೋಗುವುದೆಂದರೆ ಏಣಿ ಹತ್ತುವುದು. ಕ್ರೇನಿನ ಕಂಬದ ಒಳಗೇ ಏಣಿ ಇದೆ. ಅಲ್ಲಲ್ಲಿ ನಿಂತು ಉಸಿರು ತೆಗೆದುಕೊಳ್ಳಲು ಕಬ್ಬಿಣದ ಅಟ್ಟ, ಪ್ರತಿ ಅಟ್ಟಕ್ಕೂ ಒಬ್ಬರು ನುಸುಳುವಷ್ಟೇ ಕಿಂಡಿ. ಎರಡು ಕೈಯೂ ಏಣಿಯ ಮೇಲಿರಬೇಕು, ಬೆನ್ನ ಮೇಲೆ ಚೀಲ ಇರಬಾರದು, ಕೊರಳಲ್ಲಿ ಏನೂ ನೇತಾಡಬಾರದು. ಇದು ಇಲ್ಲಿನ ಸೇಫ್ಟಿ ಮೇಡಂ ಹಾಕಿದ ನಿಯಮ. ಅವರ ವಯಸ್ಸು ಹೆಚ್ಚು ಕಡಿಮೆ ನನ್ನಷ್ಟೇ, ಆದರೆ ಅವರ ಕಣ್ಣು ತಪ್ಪಿಸಿ ಒಂದು ಸೂಜಿಯೂ ಮೇಲೆ ಹೋಗುವುದಿಲ್ಲ. ನನ್ನ ಊಟದ ಡಬ್ಬಿ ಕೂಡ ಹಗ್ಗಕ್ಕೆ ಕಟ್ಟಿದ ಚೀಲದಲ್ಲಿ ಬೇರೆಯಾಗಿ ಬರುತ್ತದೆ. ಜೇಬಿಗೆ ಹಿಡಿಸಿದ್ದು ಮಾತ್ರ ನನ್ನ ಜೊತೆ ಬರಬಹುದು. ಸೋಪಿನ ಪೆಟ್ಟಿಗೆ ಹಿಡಿಸುತ್ತದೆ. ನಿಮ್ಮ ಮಿರರ್‌ಲೆಸ್ ಹಿಡಿಸುವ ಜೇಬನ್ನು ಯಾವ ದರ್ಜಿಯೂ ಹೊಲಿದುಕೊಡಲಾರ.

ನನ್ನ ಕ್ಯಾಬಿನ್ನು ನಮ್ಮ ಸ್ಟುಡಿಯೋದಲ್ಲಿ ಜನ ತಲೆ ಬಾಚಿಕೊಳ್ಳುತ್ತಿದ್ದ ಮೂಲೆಯಷ್ಟಿದೆ. ಎರಡು ಕೈಗೆ ಎರಡು ಹಿಡಿಕೆ, ಕಾಲ ಕೆಳಗೆ ಗಾಜು. ಎತ್ತುವ ಸಾಮಾನು ಅರ್ಧ ಹೊತ್ತು ನನಗೆ ಕಾಣುವುದೇ ಇಲ್ಲ, ಕಟ್ಟಡ ಅಡ್ಡ ಬರುತ್ತದೆ. ಆಗ ನನ್ನ ಕಣ್ಣು ಸಿಗ್ನಲ್ ಮಾಮ. ನಿಮಗಿಂತ ಸ್ವಲ್ಪ ಚಿಕ್ಕವರು, ತೆಳ್ಳಗಿದ್ದಾರೆ, ಎಲ್ಲರೂ ಹಾಗೇ ಕರೆಯುತ್ತಾರೆ. ಮಹಡಿಯ ಅಂಚಿನಲ್ಲಿ ನಿಂತು ವಾಕಿಟಾಕಿಯಲ್ಲಿ "ಎತ್ತಮ್ಮ, ನಿಧಾನ, ಇನ್ನೊಂದು ಗೇಣು, ಸಾಕು" ಅನ್ನುತ್ತಾರೆ. ಅವರ ಮಾತೊಂದನ್ನೇ ನಂಬಿ ನಾನು ಟನ್ನುಗಟ್ಟಲೆ ಕಬ್ಬಿಣವನ್ನು ಕಣ್ಣಿಗೆ ಕಾಣದ ಜಾಗಕ್ಕೆ ಇಳಿಸುತ್ತೇನೆ.

ಫೋಟೋ ತೆಗೆಯುವುದು ಊಟದ ಬಿಡುವಿನಲ್ಲಿ, ಕ್ರೇನ್ ನಿಂತಾಗ. ಬಾಯಲ್ಲಿ ತುತ್ತು ಇರುವಾಗಲೇ ಒಂದು ಕೈಯಲ್ಲಿ ತೆಗೆದು ಜೇಬಿಗೆ ಹಾಕಿಕೊಳ್ಳುತ್ತೇನೆ. ಅದಕ್ಕೆ ಇದೇ ಸರಿ. ಕದ್ದ ಫೋಟೋ ಎಂದಿರಿ. ಮುಖವೇ ಕಾಣದ ಮೇಲೆ ಕದ್ದದ್ದಾದರೂ ಏನು?

ಕ್ರೇನಿನಿಂದ ಇಳಿಸುವ ಆಸೆ ಬಿಟ್ಟುಬಿಡಿ. ನಾನು ಹಟ ಮಾಡಿ ಕಲಿತ ಕೆಲಸ ಇದು, ಹಟ ಮಾಡಿಯೇ ಉಳಿಸಿಕೊಳ್ಳುತ್ತೇನೆ. ಕುತ್ತಿಗೆಗೆ ಶಾಖ ಕೊಟ್ಟುಕೊಳ್ಳಿ.

ಇಂತಿ,
ಇಳಿಯದ ಕೋತಿ

*

ಜುಲೈ 3

ಕೋತಿಗೆ,

ನಿನ್ನ ಪತ್ರ ಬರುವುದಕ್ಕೆ ಒಂದು ದಿನ ಮೊದಲೇ ಪಾರ್ಸೆಲ್ ಹೊರಟುಹೋಗಿತ್ತು. ಹಾಗೆಂದು ನಿನ್ನ ಅತ್ತೆಗೆ ಹೇಳಿದ್ದೇನೆ, ನೀನೂ ಹಾಗೇ ನಂಬು. ವಾಪಸ್ ಕಳಿಸಿದರೆ ನಾನು ಬಿಡಿಸಿಕೊಳ್ಳುವುದಿಲ್ಲ, ಪೋಸ್ಟಾಫೀಸಿನಲ್ಲೇ ಕೊಳೆಯಲಿ.

ಬೋರ್ಡು ಇಳಿಸಿದೆ. ಅದಿದ್ದ ಜಾಗದಲ್ಲಿ ಗೋಡೆಯ ಹಳೆಯ ಬಣ್ಣ ಹಾಗೇ ಉಳಿದಿದೆ. ದಾರಿಯಲ್ಲಿ ಹೋಗುವವರು ಅದನ್ನೇ ಓದುವವರ ಹಾಗೆ ಒಂದು ಕ್ಷಣ ನಿಂತು ಹೋಗುತ್ತಾರೆ. ಆ ವಿಚಾರ ಸಾಕು.

ನಿನ್ನಪ್ಪ

*

ಜುಲೈ 28

ಅಪ್ಪನಿಗೆ,

ಪಾರ್ಸೆಲ್ ಬಂದು ನನ್ನ ಮಂಚದ ಕೆಳಗೆ ಕೂತಿತ್ತು. ಮುಟ್ಟುವುದಿಲ್ಲ ಎಂದುಕೊಂಡಿದ್ದೆ. ಒಂದು ಭಾನುವಾರ ಮುಚ್ಚಳ ತೆಗೆದೆ, ನಮ್ಮ ಕಪಾಟಿನ ವಾಸನೆ ಬಂತು, ಮತ್ತೆ ಮುಚ್ಚಿಟ್ಟೆ.

ಈಗ ಅದನ್ನು ತೆಗೆಯುವ ಪ್ರಸಂಗ ಬಂದಿದೆ. ನನ್ನ ಕೆಲವು ಫೋಟೋಗಳನ್ನು ಕ್ಯಾಂಟೀನಿನ ಗೋಡೆಗೆ ಅಂಟಿಸಿದ್ದೆ. ಜನ ಟೀ ಕುಡಿಯುತ್ತಾ "ಈ ಇರುವೆ ನಾನು, ಆ ಇರುವೆ ನೀನು" ಎಂದು ಜಗಳವಾಡುವುದನ್ನು ನಮ್ಮ ಮ್ಯಾನೇಜರು ನೋಡಿದರು. ಕಟ್ಟಡದ ಮುಂದಿನ ದೊಡ್ಡ ಗೋಡೆಗೆ, ರಸ್ತೆಯಲ್ಲಿ ಹೋಗುವವರಿಗೆಲ್ಲ ಕಾಣುವ ಹಾಗೆ, ಇಂಥದ್ದೇ ಒಂದು ಫೋಟೋ ಹಾಕಬೇಕೆಂದು ಅವರಿಗೆ ಹುಕಿ ಬಂತು. ಪ್ರಿಂಟಿಂಗ್ ಅಂಗಡಿಯವನು ನನ್ನ ಫೋಟೋ ನೋಡಿ, "ಇದನ್ನ ಅಷ್ಟು ದೊಡ್ಡದು ಮಾಡಿದ್ರೆ ಫೋಟೋ ಅಲ್ಲ ಮೇಡಂ, ಕಂಬಳಿ ಆಗುತ್ತೆ" ಎಂದ. ದೊಡ್ಡ ಕ್ಯಾಮೆರಾ ಯಾರ ಹತ್ತಿರವಾದರೂ ಇದೆಯೇ ಎಂದು ಮ್ಯಾನೇಜರು ಕೇಳಿದರು. ಬಾಯಿ ತಡೆಯಲಿಲ್ಲ, ಇದೆ ಅಂದುಬಿಟ್ಟೆ. ಫೋಟೋದ ಕೆಳಗೆ ನನ್ನ ಹೆಸರು ಹಾಕುತ್ತಾರಂತೆ. ನನಗೆ ಆಸೆಯಾಗಿದೆ, ಮುಚ್ಚಿಡುವುದೇನು.

ಸೇಫ್ಟಿ ಮೇಡಂ ಒಂದು ಸಲಕ್ಕೆ ಒಪ್ಪಿದ್ದಾರೆ. ಕ್ಯಾಮೆರಾ ಊಟದ ಡಬ್ಬಿಯ ಹಾಗೆ ಚೀಲದಲ್ಲಿ ಬರಬೇಕು, ಅದರ ಪಟ್ಟಿಯನ್ನು ಸೀಟಿಗೆ ಕಟ್ಟಿರಬೇಕು, ಕ್ರೇನ್ ನಿಂತಿರಬೇಕು. ಫೋಟೋದಲ್ಲಿ ನಿಲ್ಲಲು ಸಿಗ್ನಲ್ ಮಾಮನನ್ನು ಕೇಳಿದ್ದೇನೆ. ಕೇಳಿ ತೆಗೆಯುತ್ತಿದ್ದೇನೆ, ಗಮನಿಸಿ. ಆದರೆ ಮಾಮ ಕ್ಯಾಮೆರಾ ಅಂದರೆ ಕೋಲು ನುಂಗಿದವರ ಹಾಗೆ ನಿಲ್ಲುತ್ತಾರೆ. ಅಷ್ಟು ದೂರದಿಂದ ಅವರನ್ನು ಸಡಿಲ ಮಾಡುವುದು ಹೇಗೆ?

ಇಂತಿ,
ಸೋತಿಲ್ಲದ ಕೋತಿ

*

ಆಗಸ್ಟ್ 5

ಕೋತಿಗೆ,

ಗೊತ್ತಿದ್ದೂ ಕೇಳುತ್ತೀಯ, ನನ್ನ ಬಾಯಿಂದಲೇ ಬರಲಿ ಅಂತ. ಹುಸಿ ಕ್ಲಿಕ್.

ಜನ ಕ್ಯಾಮೆರಾ ಮುಂದೆ ಮುಖಕ್ಕೆ ಇಸ್ತ್ರಿ ಹಾಕಿಕೊಂಡು ಕೂರುತ್ತಾರೆ. ಆಗ ತೆಗೆದರೆ ಇಸ್ತ್ರಿಯೇ ಬರುತ್ತದೆ. ಅದಕ್ಕೇ ಮೊದಲು ಸುಮ್ಮನೆ ಒಂದು ಸದ್ದು ಮಾಡಿ, ಗಟ್ಟಿಯಾಗಿ 'ಆಯ್ತು' ಅನ್ನಬೇಕು. ಅವರು ಉಸಿರು ಬಿಡುತ್ತಾರೆ, ಭುಜ ಇಳಿಯುತ್ತದೆ, ಮನೆಯ ಯಾವುದೋ ಯೋಚನೆ ಮುಖಕ್ಕೆ ಬರುತ್ತದೆ. ಆಗ ತೆಗೆ. ನಮ್ಮ ಇಡೀ ಬೀದಿಯ ಮುಖಗಳನ್ನು ನಾನು ಹಾಗೇ ತೆಗೆದದ್ದು, ಒಬ್ಬರೂ ಬೇಡ ಅಂದಿಲ್ಲ. ನಿನಗೆ ಅಲ್ಲಿ ಕ್ಲಿಕ್ಕಿನ ಸದ್ದೂ ಬೇಕಿಲ್ಲ, ವಾಕಿಟಾಕಿಯಲ್ಲಿ 'ಆಯ್ತು' ಅಂದರೆ ಸಾಕು.

ಉದ್ದದ ಲೆನ್ಸ್ ಹಾಕು. ಗಾಜಿನ ಒಳಗಿಂದ ತೆಗೆಯಬೇಡ, ಕಿಟಕಿ ಸರಿಸು. ನಾನು ಈ ವಾರವೆಲ್ಲ ಇದೇ ಯೋಚನೆಯಲ್ಲಿದ್ದೇನೆ. ಬೇರೆ ಏನೂ ಕೆಲಸವಿಲ್ಲ ಅನ್ನುವುದೂ ನಿಜ.

ನಿನ್ನಪ್ಪ

*

ಆಗಸ್ಟ್ 17

ಅಪ್ಪಾ,

ಬಂತು. ನೀವು ಹೇಳಿದ ಹಾಗೇ ಬಂತು.

ಮಾಮ ಹೊಸ ಶರ್ಟು ಹಾಕಿಕೊಂಡು ಬಂದಿದ್ದರು. ಅಂಚಿನಲ್ಲಿ ಕಂಬದಿಂದ ಕಂಬಕ್ಕೆ ತಂತಿಹಗ್ಗ ಕಟ್ಟಿರುತ್ತಾರೆ, ಅಲ್ಲಿ ಹೋಗುವವರು ಸೊಂಟದ ಬೆಲ್ಟಿನ ಕೊಂಡಿಯನ್ನು ಅದಕ್ಕೆ ಸಿಕ್ಕಿಸಿಕೊಳ್ಳಬೇಕು. ಮಾಮ ಸಿಕ್ಕಿಸಿಕೊಂಡು, ಎದೆ ಉಬ್ಬಿಸಿ, ಮೇಲೆ ನೋಡುತ್ತಾ ಬೊಂಬೆಯ ಹಾಗೆ ನಿಂತರು. ನಾನು ವಾಕಿಟಾಕಿಯಲ್ಲಿ "ಆಯ್ತು ಮಾಮ, ಚೆನ್ನಾಗಿ ಬಂತು" ಎಂದೆ. ಒಂದೂ ತೆಗೆದಿರಲಿಲ್ಲ. ಅವರು ನಕ್ಕರು, ತಿರುಗಿದರು, ಕಂಬ ದಾಟಿ ಆಚೆ ಹೋಗಲು ಒಂದು ಕೈ ಚಾಚಿದರು. ಆಗ ತೆಗೆದೆ.

ಅಪ್ಪಾ, ಅವರ ಹಿಂದೆ ಇಡೀ ಊರು ಇದೆ. ಬಟ್ಟೆ ಒಣಹಾಕಿದ ತಾರಸಿಗಳು, ಬಸ್ಸುಗಳು, ದೂರದಲ್ಲಿ ನೀರು. ಮುಂದೆ ಈ ತೆಳ್ಳಗಿನ ಮನುಷ್ಯ, ಯಾರನ್ನೋ ಕರೆಯುವವರ ಹಾಗೆ ಕೈ ಚಾಚಿದ್ದಾರೆ. ದೊಡ್ಡದು ಮಾಡಿದರೆ ಕಿವಿಯ ಮೇಲಿನ ನರೆಗೂದಲು ಕಾಣುತ್ತದೆ. ಮ್ಯಾನೇಜರು ನೋಡಿ ಕುರ್ಚಿಯಿಂದ ಎದ್ದೇ ಬಿಟ್ಟರು.

ಮಿರರ್‌ಲೆಸ್ ಗೆದ್ದಿತು ಎಂದು ಬರೆದುಕೊಡುವುದಿಲ್ಲ. ಈ ಸಲ ಗೆದ್ದಿತು.

ನಿಮ್ಮ ಕೋತಿ

*

ಸೆಪ್ಟೆಂಬರ್ 6

ಕೋತಿಗೆ,

ಇಷ್ಟು ದಿನವಾಯಿತು, ನಿನ್ನ ಪತ್ರವೇ ಇಲ್ಲ. ಗೋಡೆಗೆ ಹಾಕಿದರೇ? ನಿನ್ನ ಹೆಸರು ಎಷ್ಟು ದೊಡ್ಡದಿದೆ? ನಾನು ಇಲ್ಲಿ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದೇನೆ. ಕನ್ನಡಕದ ಅಂಗಡಿಯವನು ದಿನಾ ಕೇಳುತ್ತಾನೆ, ನಾನು ದಿನಾ 'ನಾಳೆ ಬರುತ್ತೆ' ಅನ್ನುತ್ತೇನೆ. ಒಂದು ಪ್ರತಿ ಕಳಿಸು.

ಮೈ ಹುಷಾರಾಗಿದೆ ತಾನೆ?

ನಿನ್ನಪ್ಪ

*

ಸೆಪ್ಟೆಂಬರ್ 12

ಅಪ್ಪನಿಗೆ,

ಮೈ ಹುಷಾರಾಗಿದೆ. ಬರೆಯಲು ಕೈ ಬರಲಿಲ್ಲ.

ಸಿಗ್ನಲ್ ಮಾಮನನ್ನು ಕೆಲಸದಿಂದ ನಿಲ್ಲಿಸಿದ್ದಾರೆ. ನಿಲ್ಲಿಸಿದ್ದು ನನ್ನ ಫೋಟೋ ನೋಡಿ.

ಪ್ರಿಂಟಿಗೆ ಕಳಿಸುವ ಮೊದಲು ಸೇಫ್ಟಿ ಮೇಡಂ ಅದನ್ನು ಆಫೀಸಿನ ಪರದೆಯ ಮೇಲೆ ದೊಡ್ಡದು ಮಾಡಿ ನೋಡಿದರು. ಮಾಮನ ಬೆಲ್ಟು ಸೊಂಟದಲ್ಲಿದೆ, ತಂತಿಹಗ್ಗ ಅವರ ಪಕ್ಕದಲ್ಲಿದೆ, ಹಗ್ಗದ ಮೇಲೆ ಕೊಂಡಿ ಇಲ್ಲ. ಇಲ್ಲಿ ಅಂಚಿನಲ್ಲಿ ಕೊಂಡಿ ಹಾಕದೆ ಕಂಡುಬಂದವರನ್ನು ಆ ಹೊತ್ತೇ ಗೇಟಿನ ಹೊರಗೆ ಕಳಿಸುತ್ತಾರೆ. ವಿಚಾರಣೆ ಆಮೇಲೆ, ಅದರಲ್ಲಿ ತಪ್ಪು ಸಾಬೀತಾದರೆ ಮತ್ತೆ ಕೆಲಸವಿಲ್ಲ. ಮೇಡಂ ಮೇಲೆ ನನಗೆ ಕೋಪ ಉಕ್ಕಿ ಬಂತು. ಆದರೆ ಅವರು ಹಿಂದೆ ಕೆಲಸ ಮಾಡುತ್ತಿದ್ದ ಕಡೆ ಒಬ್ಬ ಬಿದ್ದದ್ದನ್ನು ಕಣ್ಣಾರೆ ಕಂಡವರು. ಮಾಮನಿಗೆ ಕಾಗದ ಕೊಡುವಾಗ ಅವರ ಮುಖದಲ್ಲೂ ರಕ್ತವಿರಲಿಲ್ಲ.

ಇನ್ನೂ ಕೇಳಿ. ಫೋಟೋ ಮಾತ್ರ ಗೋಡೆಗೆ ಹೋಗುತ್ತದೆ. "ಇಷ್ಟು ಒಳ್ಳೇ ಫೋಟೋ ಬಿಡೋಕಾಗುತ್ತಾ, ಕಂಪ್ಯೂಟರಲ್ಲಿ ಒಂದು ಹಗ್ಗ, ಒಂದು ಕೊಂಡಿ ಬರೆಸಿದ್ರಾಯ್ತು" ಅನ್ನುತ್ತಾರೆ ಮ್ಯಾನೇಜರು. ಅಂದರೆ ಗೋಡೆಯ ಮೇಲಿನ ಮಾಮನಿಗೆ ಕೊಂಡಿ ಇರುತ್ತದೆ, ಕೆಲಸ ಇರುವುದಿಲ್ಲ. ಫೋಟೋ ನನ್ನದಾದ್ದರಿಂದ ನನ್ನ ರುಜು ಬೇಕಂತೆ. ಇನ್ನೂ ಹಾಕಿಲ್ಲ.

ಹೊಸ ಸಿಗ್ನಲ್‌ನವನು ಬಂದಿದ್ದಾನೆ. ಕೆಟ್ಟವನಲ್ಲ, ಆದರೆ ಅವನು 'ಎತ್ತು' ಅಂದಾಗ ನನ್ನ ಕೈ ಒಂದು ಕ್ಷಣ ತಡೆಯುತ್ತದೆ. ಮಾಮ ವಾಪಸ್ ಬರಬೇಕು. ನಾನು ಬಿಡುವುದಿಲ್ಲ.

ನಿಮ್ಮ ಮಗಳು

*

ಸೆಪ್ಟೆಂಬರ್ 19

ಮಗಳೇ,

ನಿನ್ನ ಪತ್ರ ಬಂದ ದಿನದಿಂದ ಊಟ ಸೇರುತ್ತಿಲ್ಲ. 'ಆಯ್ತು' ಎಂದು ನಿನ್ನಿಂದ ಹೇಳಿಸಿದ್ದು ನಾನು. ನನ್ನ ಸ್ಟುಡಿಯೋದಲ್ಲಿ ಕುರ್ಚಿಯ ಮೇಲೆ ಕೂತವರು ಉಸಿರು ಬಿಟ್ಟರೆ ಎಲ್ಲಿಗೂ ಬೀಳುವುದಿಲ್ಲ. ಅಷ್ಟು ಎತ್ತರದಲ್ಲಿ ನಿಂತವನಿಗೆ ಆ ಮಾತು ಏನು ಮಾಡಬಹುದು ಎಂದು ನನಗೆ ಹೊಳೆಯಲೇ ಇಲ್ಲ. ಫೋಟೋ ಒಂದೇ ತಲೆಯಲ್ಲಿತ್ತು.

ಆ ಕ್ಯಾಮೆರಾ ವಾಪಸ್ ಕಳಿಸಿಬಿಡು. ಒಬ್ಬರ ಅನ್ನಕ್ಕೆ ಕಲ್ಲು ಹಾಕಿದ ವಸ್ತು ನಿನ್ನ ಹತ್ತಿರ ಇರುವುದು ಬೇಡ. ನಿನ್ನ ಚಿಕ್ಕದರಲ್ಲಿ ತೆಗೆದಿದ್ದರೆ ಅವರು ಒಂದು ಚುಕ್ಕೆಯಾಗಿ ಉಳಿಯುತ್ತಿದ್ದರು, ಯಾರಿಗೂ ಏನೂ ಕಾಣುತ್ತಿರಲಿಲ್ಲ. ನೀನು ಹೇಳಿದ್ದೇ ಸರಿ, ನಾನು ಕೇಳಲಿಲ್ಲ.

ಆ ಕಾಗದಕ್ಕೆ ರುಜು ಹಾಕಿಬಿಡು. ಅವರನ್ನು ಎದುರು ಹಾಕಿಕೊಂಡು ನಿನ್ನ ಕೆಲಸವೂ ಹೋದರೆ ಇಬ್ಬರಿಗೂ ಏನು ಉಳಿಯಿತು? ನೀನು ಕ್ರೇನಿನಿಂದ ಇಳಿಯಬೇಕೆಂದು ನಾನೇ ಅಂದಿದ್ದೆ, ಹೀಗೆ ಇಳಿಯುವುದು ಬೇಡ.

ನಿನ್ನಪ್ಪ

*

ಸೆಪ್ಟೆಂಬರ್ 27

ಅಪ್ಪನಿಗೆ,

ರುಜು ಹಾಕುವುದಿಲ್ಲ. ಕ್ಯಾಮೆರಾ ವಾಪಸ್ ಕಳಿಸುವುದೂ ಇಲ್ಲ. ಊಟ ಮಾಡಿ, ಆಮೇಲೆ ಮುಂದೆ ಓದಿ.

ಭಾನುವಾರ ಮಾಮನ ಮನೆಗೆ ಹೋಗಿದ್ದೆ. ಅವರ ಹೆಂಡತಿ ಟೈಲರು, ಮುಂದಿನ ಕೋಣೆಯೇ ಅಂಗಡಿ. ಮಾಮ ಒಂದು ಮೂಲೆಯಲ್ಲಿ ಕೂತು ಗುಂಡಿ ಹೊಲಿಯುತ್ತಿದ್ದರು. ನಾನು ಫೋಟೋದ ಪ್ರತಿಯನ್ನು ಹೊಲಿಗೆ ಮಿಷನ್ನಿನ ಮೇಲಿಟ್ಟೆ. ಟೈಲರಮ್ಮ ಅದನ್ನು ನೋಡಿದವರು ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. "ಕೆಳಗೆ ನಿಂತು ಕೈ ಬೀಸೋ ಕೆಲಸ ಅಂತಿದ್ರಿ" ಎಂದಷ್ಟೇ ಗಂಡನಿಗೆ ಹೇಳಿ ಒಳಗೆ ಹೋದರು. ಇಷ್ಟು ವರ್ಷ ಮಾಮ ಅವರಿಗೆ ಹಾಗೆಂದೇ ಹೇಳಿದ್ದರಂತೆ.

ಮಾಮ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನೀನು ಆಯ್ತು ಅಂದೆ, ನಾನು ಆಯ್ತು ಅಂತ ಹೊರಟೆ. ನಾನು ಎತ್ತು ಅಂದ್ರೆ ನೀನು ಎತ್ತಲ್ವಾ, ಹಾಗೇ" ಎಂದರು. ನನಗೆ ಕಣ್ಣಲ್ಲಿ ನೀರು ಬಂತು. ನಾವಿಬ್ಬರೂ ಬದುಕಿರುವುದೇ ಆ ವಾಕಿಟಾಕಿಯಲ್ಲಿ ಬರುವ ಮಾತು ನಿಜ ಎಂಬ ನಂಬಿಕೆಯ ಮೇಲೆ, ಅದರೊಳಗೆ ನಾನು ಹುಸಿ ಮಾತು ತೂರಿಸಿದ್ದೆ. ಅಪ್ಪಾ, ನಿಮ್ಮ ಹುಸಿ ಕ್ಲಿಕ್ ಸ್ಟುಡಿಯೋದಲ್ಲೇ ಇರಲಿ. ನಾನು ಇನ್ನು ಅದನ್ನು ಮಾಡುವುದಿಲ್ಲ.

ಆಮೇಲೆ ಕೇಳಿದೆ, ಕೊಂಡಿ ಯಾಕೆ ಬಿಚ್ಚಿದ್ದು ಅಂತ. ಮಾಮ ಮೇಜಿನ ಮೇಲಿದ್ದ ಟೇಪು ಎಳೆದು, ಕತ್ತರಿಯನ್ನು ಕಂಬದ ಹಾಗೆ ನಿಲ್ಲಿಸಿ ತೋರಿಸಿದರು. "ಕಂಬ ಬಂದ ಕಡೆ ಹಗ್ಗ ಮುಗಿಯುತ್ತೆ. ಆಚೆ ಬೇರೆ ಹಗ್ಗ. ನಮ್ಮ ಬೆಲ್ಟಿಗೆ ಒಂದೇ ಕೊಂಡಿ. ಇದರಿಂದ ತೆಗೆದು ಅದಕ್ಕೆ ಹಾಕೋ ತನಕ ಎಲ್ಲರೂ ಹಾಗೇ ಇರ್ತೀವಮ್ಮ, ದಿನಾ." ಫೋಟೋದಲ್ಲಿ ಅವರು ಕೈ ಚಾಚಿರುವುದು ಯಾರನ್ನೂ ಕರೆಯಲು ಅಲ್ಲ.

ಅಲ್ಲಿಂದ ನೇರ ಪ್ರಿಂಟಿಂಗ್ ಅಂಗಡಿಗೆ ಹೋದೆ. ಆ ಚಾಚಿದ ಕೈಯೊಂದನ್ನೇ ದೊಡ್ಡದು ಮಾಡು, ಇನ್ನೂ ಮಾಡು ಎಂದೆ. ಮೇಡಂ ಅಷ್ಟು ಹತ್ತಿರ ಹೋಗಿರಲಿಲ್ಲ, ಖಾಲಿ ಹಗ್ಗ ಕಂಡ ಕೂಡಲೇ ಎದ್ದಿದ್ದರು. ಬೆರಳುಗಳ ನಡುವೆ ಕೊಂಡಿ ಇದೆ, ಅಪ್ಪಾ. ಬಾಯಿ ತೆರೆದಿದೆ. ಆಚೆಯ ಹಗ್ಗಕ್ಕೆ ಇನ್ನೊಂದು ಗೇಣಿದೆ, ಅಷ್ಟೇ.

ಸೋಪಿನ ಪೆಟ್ಟಿಗೆಯಲ್ಲಿ ಇದು ಬರುತ್ತಿರಲಿಲ್ಲ. ಚುಕ್ಕೆಯಾಗಿ ಉಳಿಯುತ್ತಿದ್ದರು ಎಂದು ನೀವು ಬರೆದಿರಿ. ಹೌದು, ಚುಕ್ಕೆಯಾಗಿಯೇ ದಿನಾ ಆ ಕಂಬ ದಾಟುತ್ತಿದ್ದರು, ಯಾವತ್ತಾದರೂ ಚುಕ್ಕೆಯಾಗಿಯೇ ಬೀಳುತ್ತಿದ್ದರು.

ಫೋಟೋಗೆ ಕೊಂಡಿ ಬರೆಸುವ ವಿಚಾರ ಹೇಳಿದಾಗ ಮಾಮ ಹೊಲಿಯುವುದನ್ನು ನಿಲ್ಲಿಸಿದರು. "ನನಗೆ ಕೆಲಸ ಕೊಡ್ತೀವಿ ಅಂದ್ರೂ ಅದಕ್ಕೆ ಒಪ್ಪಬೇಡ. ಇಲ್ಲದ ಕೊಂಡಿ ಇದೆ ಅಂತ ಈಗಲೇ ಬರೆಯೋರು, ನಾಳೆ ನಾನು ಬಿದ್ರೂ ಇತ್ತು ಅಂತಾನೇ ಬರೀತಾರೆ" ಎಂದರು.

ವಿಚಾರಣೆ ಮುಂದಿನ ವಾರ. ನಾನು ಹೋಗುತ್ತೇನೆ.

ನಿಮ್ಮ ಕೋತಿ

*

ಅಕ್ಟೋಬರ್ 8

ಅಪ್ಪನಿಗೆ,

ವಿಚಾರಣೆ ಮುಗಿಯಿತು, ತೀರ್ಪು ಬಂದಿಲ್ಲ.

ತಗಡಿನ ಆಫೀಸು, ಉದ್ದದ ಮೇಜು. ಆ ಕಡೆ ಮ್ಯಾನೇಜರು, ಸೇಫ್ಟಿ ಮೇಡಂ, ದೊಡ್ಡ ಆಫೀಸಿನಿಂದ ಬಂದ ಇನ್ನೊಬ್ಬರು. ಈ ಕಡೆ ಮಾಮ, ನಾನು. ನನ್ನನ್ನು ಯಾರೂ ಕರೆದಿರಲಿಲ್ಲ, ಕ್ಯಾಮೆರಾ ಎದೆಗವಚಿಕೊಂಡು ಒಳಗೆ ಹೋಗಿ ಕೂತೆ. ಮೊದಲು ನನ್ನ ಪಾಲಿನದು ಹೇಳಿದೆ. ಫೋಟೋ ತೆಗೆಯದೆಯೇ ಆಯ್ತು ಅಂದದ್ದು, ಅವರು ಹೊರಟ ಮೇಲೆ ತೆಗೆದದ್ದು. ದೊಡ್ಡ ಆಫೀಸಿನವರು ಬರೆದುಕೊಂಡರು. ನನಗೂ ಒಂದು ಎಚ್ಚರಿಕೆ ಕಾಗದ ಬರುತ್ತದೆ, ಬರಲಿ.

ಆಮೇಲೆ ಕೈಯ ಫೋಟೋವನ್ನು ಪರದೆಗೆ ಹಾಕಿದೆ. ಮೇಡಂ ಎದ್ದು ಪರದೆಯ ಹತ್ತಿರ ಹೋದರು. ಕೊಂಡಿಯನ್ನು ನೋಡಿದರು, ಹಗ್ಗವನ್ನು ನೋಡಿದರು, ಮಾಮನ ಕಡೆ ತಿರುಗಿದರು. "ಎರಡು ಕೊಂಡಿ ಇರೋ ಬೆಲ್ಟ್ ಬೇಕು ಅಂತ ಹೋದ ವರ್ಷದಿಂದ ಕೇಳ್ತಿದೀನಿ ಸರ್. ಒಂದು ಬಿಚ್ಚಿದಾಗ ಇನ್ನೊಂದು ಹಾಕಿರಬೇಕು. ಇವರದ್ದು ತಪ್ಪಾದ್ರೆ ಇಲ್ಲಿ ಕಂಬ ದಾಟೋ ಪ್ರತಿಯೊಬ್ಬರದ್ದೂ ತಪ್ಪು" ಎಂದರು. ಅವರ ಮೇಲಿದ್ದ ಕೋಪವೆಲ್ಲ ಆ ಕ್ಷಣಕ್ಕೆ ಇಳಿಯಿತು.

ಮ್ಯಾನೇಜರು ಗೋಡೆಯ ಫೋಟೋದ ಮಾತೆತ್ತಿದರು. ಕೊಂಡಿ ಬರೆದ ಫೋಟೋಗೆ ರುಜು ಹಾಕುವುದಿಲ್ಲ, ಹಾಕುವುದಾದರೆ ಹೇಗಿದೆಯೋ ಹಾಗೇ ಹಾಕಿ ಎಂದೆ.

"ನಿಮ್ಮ ಕೆಲಸದ ಬಗ್ಗೆನೂ ಸ್ವಲ್ಪ ಯೋಚನೆ ಮಾಡಿ" ಎಂದರು.

"ಮಾಡೇ ಹೇಳ್ತಿದೀನಿ ಸರ್. ಕಾಣದ ಜಾಗಕ್ಕೆ ಕಬ್ಬಿಣ ಇಳಿಸೋಳು ನಾನು. ಕೆಳಗಿಂದ ನಿಜ ಹೇಳೋರು ಬೇಕು ನನಗೆ."

ನನ್ನ ದನಿ ನಡುಗಲಿಲ್ಲ. ಹೊರಗೆ ಬಂದವಳು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಮಾಮ ನೀರು ತಂದುಕೊಟ್ಟರು.

ನಿಮ್ಮ ಕೋತಿ

*

ಅಕ್ಟೋಬರ್ 16

ಕೋತಿಗೆ,

ವಾಪಸ್ ಕಳಿಸು ಎಂದಿದ್ದೆನಲ್ಲ, ಅದನ್ನು ಮರೆತುಬಿಡು. ಆ ಕ್ಯಾಮೆರಾದಲ್ಲಿ ನಾನು ಅಷ್ಟು ವರ್ಷ ಏನೇನೋ ತೆಗೆದೆ, ಒಬ್ಬರ ಕೈಯೊಳಗೆ ಏನಿದೆ ಎಂದು ನೋಡಿರಲಿಲ್ಲ.

ನಿನ್ನ ಕೆಲಸ ಹೋದರೆ ಹೋಗಲಿ, ಇಲ್ಲಿ ಮನೆ ಇದೆ. ಆದರೆ ಹೋಗಬಾರದು ಎಂದೇ ನನ್ನ ಆಸೆ. ಇದನ್ನು ನಾನೇ ಬರೆಯುತ್ತಿದ್ದೇನೆ, ಅಕ್ಷರ ನೋಡಿ ಖಚಿತ ಮಾಡಿಕೊ. ನಿನ್ನ ಅತ್ತೆ ದಿನಾ ಪೋಸ್ಟಿನವನನ್ನು ಅಡ್ಡಗಟ್ಟುತ್ತಾಳೆ. ಅವನು ಈಗ ಆ ಕಡೆಯ ರಸ್ತೆಯಿಂದ ಬರುತ್ತಿದ್ದಾನೆ.

ಏನಾಯಿತು ಬರೆ.

ನಿನ್ನಪ್ಪ

*

ನವೆಂಬರ್ 2

ಅಪ್ಪಾ,

ಮಾಮ ವಾಪಸ್ ಬಂದರು. ಎರಡು ಕೊಂಡಿಯ ಬೆಲ್ಟುಗಳು ಬಂದವು, ಅಂಚಿಗೆ ಹೋಗುವ ಎಲ್ಲರಿಗೂ.

ಗೋಡೆಗೆ ನನ್ನ ಫೋಟೋ ಹೋಗಲಿಲ್ಲ. ಮುಗಿದ ಮೇಲೆ ಕಟ್ಟಡ ಹೇಗಿರುತ್ತದೆ ಎಂದು ಯಾರೋ ಬರೆದ ಚಿತ್ರ ಹಾಕಿದ್ದಾರೆ, ಅದರಲ್ಲಿ ಮನುಷ್ಯರೇ ಇಲ್ಲ. ಮೊದಲ ದಿನ ಅದರ ಮುಂದೆ ಹಾದುಹೋಗುವಾಗ ಹೊಟ್ಟೆ ಉರಿಯಿತು. ಈಗ ಅಭ್ಯಾಸವಾಗಿದೆ. ಕನ್ನಡಕದ ಅಂಗಡಿಯವರಿಗೆ ಏನು ಹೇಳುತ್ತೀರೋ ನಿಮಗೆ ಬಿಟ್ಟದ್ದು.

ಮೇಡಂ ನನಗೆ ಒಂದು ಕೆಲಸ ಹಚ್ಚಿದ್ದಾರೆ. ವಾರಕ್ಕೊಮ್ಮೆ ಮೇಲಿನಿಂದ ಎಲ್ಲ ಅಂಚುಗಳ, ಎಲ್ಲ ಹಗ್ಗಗಳ ಫೋಟೋ ತೆಗೆದು ಅವರಿಗೆ ಕೊಡಬೇಕು. ಮೊದಲೇ ವಾಕಿಟಾಕಿಯಲ್ಲಿ ಎಲ್ಲರಿಗೂ ಹೇಳುತ್ತೇನೆ, ತೆಗೆಯುತ್ತೇನೆ, ತೆಗೆದಾದ ಮೇಲೆ ಆಯ್ತು ಅನ್ನುತ್ತೇನೆ. ಮುಖಗಳು ಇಸ್ತ್ರಿ ಹಾಕಿದ ಹಾಗೇ ಬರುತ್ತವೆ. ಹಗ್ಗಗಳು ಚೆನ್ನಾಗಿ ಬರುತ್ತವೆ. ಅದಕ್ಕೇ ಮಿರರ್‌ಲೆಸ್ ನನ್ನ ಹತ್ತಿರವೇ ಇರುತ್ತದೆ, ಚೀಲದಲ್ಲಿ ಮೇಲೆ ಹೋಗುತ್ತದೆ, ಚೀಲದಲ್ಲಿ ಇಳಿಯುತ್ತದೆ. ನಾನು ಕ್ರೇನಿನಲ್ಲೇ ಇರುತ್ತೇನೆ. ಎರಡನ್ನೂ ಬಿಡುವುದಿಲ್ಲ.

ಚಿಕ್ಕದನ್ನು ನಿಮಗೆ ಕಳಿಸುತ್ತಿದ್ದೇನೆ. ಕೊರಳಿಗೆ ಭಾರವಿಲ್ಲ, ಅಂಗಿಯ ಜೇಬಿಗೆ ಹಿಡಿಸುತ್ತದೆ. ಮನೆಯಲ್ಲಿ ಕೂರಬೇಡಿ, ಬೀದಿಗೆ ಇಳಿಯಿರಿ.

ಮಾಮ ಬಂದ ದಿನದ್ದು ಹೇಳಬೇಕು. ಗೇಟಿನ ಹತ್ತಿರ ಅವರ ಜೊತೆ ಟೈಲರಮ್ಮನೂ ಇದ್ದರು. ಹೊಸ ಬೆಲ್ಟು ನೋಡದೆ ಗಂಡನನ್ನು ಒಳಗೆ ಬಿಡುವುದಿಲ್ಲ ಎಂದರು. ಮೇಡಂ ತಾವೇ ತಂದುಕೊಟ್ಟರು. ಟೈಲರಮ್ಮ ಸಿಮೆಂಟ್ ಚೀಲದ ಮೇಲೆ ಕೂತು ಪಟ್ಟಿಯನ್ನು ಒಳಮೈ ಹೊರಮೈ ಮಾಡಿ, ಒಂದೊಂದು ಹೊಲಿಗೆಯ ಮೇಲೂ ಉಗುರು ಎಳೆದು ನೋಡಿದರು. ಕೆಲಸಕ್ಕೆ ಬಂದವರೆಲ್ಲ ಹಿಂದೆ ಸಾಲಾಗಿ ನಿಂತಿದ್ದರು, ಯಾರೂ ಬೇಗ ಮಾಡಿ ಅನ್ನಲಿಲ್ಲ. ಆಮೇಲೆ ಅವರು ಎದ್ದು, ಬೆಲ್ಟನ್ನು ತಮ್ಮ ಸೊಂಟಕ್ಕೇ ಬಿಗಿದುಕೊಂಡು, ಒಂದು ಕೊಂಡಿಯನ್ನು ಗೇಟಿನ ಕಂಬಿಗೆ ಸಿಕ್ಕಿಸಿ, ಬೆನ್ನು ಹಿಂದಕ್ಕೆ ಮಾಡಿ ಜೋತರು. ಹಿಡಿಯಿತು. ಅದನ್ನು ಬಿಚ್ಚಿ ಇನ್ನೊಂದನ್ನು ಸಿಕ್ಕಿಸಿದರು. ಈ ಸಲ ಕಣ್ಣು ಮುಚ್ಚಿ, ಮೈಯ ಭಾರವನ್ನೆಲ್ಲ ಬಿಟ್ಟುಬಿಟ್ಟರು. ಅವರಿಗೆ ಗೊತ್ತಿಲ್ಲ, ಎರಡು ಸಲವೂ ಮಾಮ ಅವರ ಬೆನ್ನ ಹಿಂದೆ ಎರಡು ಕೈಯನ್ನೂ ಚಾಚಿಕೊಂಡು ನಿಂತಿದ್ದರು.

ಇಂತಿ,
ನಿಮ್ಮ ಕೋತಿ